ಸ್ಟ್ರೈಟ್ನಿಂಗ್ ಮಾಡಿಸಿದ ಕೂದಲನ್ನು ಉದ್ದ ಬೆಳೆಸೋದು ಹೇಗೆ?

ಸ್ಟ್ರೈಟ್ನಿಂಗ್ ಅಥವಾ ಸ್ಮೂತ್ನಿಂಗ್ ಮಾಡಿಸಿಕೊಂಡ ಎಷ್ಟೋ ಜನ ಆರೇಳು ತಿಂಗಳಾದ ಮೇಲೆ ಒಂದೇ ಮಾತು ಹೇಳುತ್ತಾರೆ. "ಕೂದಲು ಬೆಳೆಯೋದೇ ನಿಂತುಹೋಗಿದೆ, ಭುಜದಿಂದ ಕೆಳಗೆ ಇಳೀತಾನೇ ಇಲ್ಲ." ನಾನೂ ಹಾಗೇ ಅಂದುಕೊಂಡಿದ್ದೆ. ನನ್ನದು ಹುಟ್ಟಿನಿಂದಲೇ ಗುಂಗುರು ಕೂದಲು. 2017ರಲ್ಲಿ ಅಕ್ಕನ ಮದುವೆಗೆ ಅಂತ ಮೊದಲ ಸಲ ನೇರ ಮಾಡಿಸಿದೆ. ಎಂಟು ತಿಂಗಳಿಗೆ ಬುಡದಲ್ಲಿ ಗುಂಗುರು ಕಾಣಿಸಿತು, ಮತ್ತೆ ಹೋದೆ. ಬುಡಕ್ಕೆ ಮಾತ್ರ ಹಚ್ಚಬೇಕಾದ ಕ್ರೀಮನ್ನು ಆ ಪಾರ್ಲರಿನಲ್ಲಿ ತುದಿಯವರೆಗೂ ಹಚ್ಚಿಬಿಟ್ಟರು. ಮುಂದಿನ ಮೂರು ತಿಂಗಳು ಬಾಚಿದಾಗಲೆಲ್ಲ ಬೆರಳುದ್ದದ ತುಂಡುಗಳು ಬೀಳುತ್ತಿದ್ದವು. ಬೆನ್ನಿನ ಮಧ್ಯಕ್ಕೆ ಬರುತ್ತಿದ್ದ ಕೂದಲು ಭುಜಕ್ಕೆ ಬಂದು ನಿಂತಿತು.

ಅಲ್ಲಿಂದ ಸೊಂಟ ಮುಟ್ಟಲು ನಾಲ್ಕು ವರ್ಷ ಹಿಡಿಯಿತು. ಅಷ್ಟು ದಿನದಲ್ಲಿ ನಾನು ತಿಳಿದುಕೊಂಡದ್ದು ಇಷ್ಟೇ. ತಲೆಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ, ಅಂದರೆ ವರ್ಷಕ್ಕೆ ಆರಿಂಚು. ನೇರ ಮಾಡಿಸಿದರೂ ಬುಡ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಬುಡದಲ್ಲಿ ಅರ್ಧ ಇಂಚು ಬರುವಾಗ ತುದಿಯಲ್ಲಿ ಅರ್ಧ ಇಂಚು ಮುರಿದುಹೋದರೆ ಉದ್ದ ಇದ್ದಲ್ಲೇ ಇರುತ್ತದೆ. ಹಾಗಾಗಿ ಕೆಳಗೆ ಬರೆದದ್ದರಲ್ಲಿ ಮುಕ್ಕಾಲು ಪಾಲು, ಇರುವ ಕೂದಲು ಮುರಿಯದ ಹಾಗೆ ನೋಡಿಕೊಳ್ಳುವುದರ ಬಗ್ಗೆಯೇ ಇದೆ.

ಮೊದಲ ಹೆಜ್ಜೆ: ಉದುರಿದ ಕೂದಲನ್ನು ನೋಡಿ

ತಲೆಸ್ನಾನ ಮಾಡಿದ ದಿನ ಬಾಚಣಿಗೆಯಲ್ಲಿ, ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿದ ಕೂದಲನ್ನು ಉಂಡೆ ಮಾಡಿ ಎಸೆಯಬೇಡಿ. ಒಂದು ಬಿಳಿ ಪಂಚೆಯ ಮೇಲೆ ಹರಡಿ. ಒಂದೊಂದೇ ಎಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಕೆಲವು ಎಳೆಗಳ ಒಂದು ತುದಿಯಲ್ಲಿ ಗಸಗಸೆ ಕಾಳಿಗಿಂತ ಸಣ್ಣ ಬಿಳಿ ಚುಕ್ಕೆ ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಎರಡು ಬೆರಳ ನಡುವೆ ಎಳೆಯಿರಿ, ಕೊನೆಯಲ್ಲಿ ಚೂರು ತಡೆದ ಹಾಗೆ ಆಗುತ್ತದೆ. ಅದು ಬುಡದಿಂದ ತಾನಾಗಿ ಕಳಚಿಕೊಂಡ ಕೂದಲು. ದಿನಕ್ಕೆ 50ರಿಂದ 100 ಎಳೆ ಹೀಗೆ ಬೀಳುವುದು ಸಹಜ. ಮೂರು ದಿನಕ್ಕೊಮ್ಮೆ ತಲೆ ತೊಳೆಯುವವರಿಗೆ ಮೂರು ದಿನದ್ದು ಒಟ್ಟಿಗೇ ಕಾಣುತ್ತದೆ, ಗಾಬರಿ ಬೇಡ.

ಚುಕ್ಕೆ ಇಲ್ಲದ ಎಳೆ ಅಂದರೆ ಮುರಿದದ್ದು. ಎಲ್ಲಿ ಮುರಿದಿದೆ ಅನ್ನುವುದನ್ನು ಅದರ ಉದ್ದವೇ ಹೇಳುತ್ತದೆ. ಒಂದೆರಡು ಇಂಚಿನ ತುಂಡಾದರೆ ತುದಿ ಸೀಳಿ ಬಿದ್ದದ್ದು. ತುಂಬ ಉದ್ದ ಇದ್ದು ಚುಕ್ಕೆ ಮಾತ್ರ ಇಲ್ಲದಿದ್ದರೆ ನೆತ್ತಿಯ ಹತ್ತಿರವೇ ಮುರಿದಿದೆ ಅಂತ ಅರ್ಥ. ಹೊಸ ಗುಂಗುರು ಕೂದಲು ಮತ್ತು ಹಳೇ ನೇರ ಕೂದಲು ಸೇರುವ ಜಾಗ ಅದು. ನಾನು ಮೊದಲ ಸಲ ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಎಳೆಗಳಿಗೆ ಚುಕ್ಕೆ ಇರಲಿಲ್ಲ. ಆವತ್ತೇ ಕೂದಲು ಬೆಳೆಸುವ ಎಣ್ಣೆ ಹುಡುಕುವುದನ್ನು ಬಿಟ್ಟೆ.

ಇನ್ನು, ಎಲ್ಲ ಎಳೆಗೂ ಚುಕ್ಕೆ ಇದ್ದು ಕೈತುಂಬ ಬರುತ್ತಿದ್ದರೆ ಅದು ಬೇರೆಯೇ ವಿಷಯ. ಅದನ್ನು ಮುಂದೆ ಹೇಳುತ್ತೇನೆ.

ತಲೆಗೆ ಏನು ಹಚ್ಚಿದ್ದಾರೆ?

ನಮ್ಮೂರಿನ ಪಾರ್ಲರುಗಳಲ್ಲಿ ಹೆಸರುಗಳ ಗೊಂದಲ ಬಹಳ. ಸ್ಮೂತ್ನಿಂಗ್, ರೀಬಾಂಡಿಂಗ್, ಕೆರಟಿನ್, ಬೊಟಾಕ್ಸ್, ನ್ಯಾನೋಪ್ಲಾಸ್ಟಿಯಾ ಅಂತ ದಿನಕ್ಕೊಂದು. ಎಲ್ಲವೂ ಒಂದೇ ಅಲ್ಲ, ಆರೈಕೆಯೂ ಒಂದೇ ಅಲ್ಲ.

ಕೂದಲು ಕೆರಟಿನ್ ಅನ್ನುವ ಪ್ರೋಟೀನಿನಿಂದ ಆಗಿದೆ. ಅದರೊಳಗೆ ಗಂಧಕದ ಗಟ್ಟಿ ಕೊಂಡಿಗಳಿವೆ. ಗುಂಗುರು ಹಾಗೇ ನಿಲ್ಲುವುದಕ್ಕೂ ಕೂದಲು ಗಟ್ಟಿ ಇರುವುದಕ್ಕೂ ಈ ಕೊಂಡಿಗಳು ಮುಖ್ಯ ಕಾರಣ. ರೀಬಾಂಡಿಂಗಿನಲ್ಲಿ ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೋಲೇಟ್ ಇರುವ ಕ್ರೀಮ್ ಹಚ್ಚುತ್ತಾರೆ. ಅದರ ಘಾಟು ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯಲ್ಲ. ಕ್ರೀಮು ಕೊಂಡಿಗಳನ್ನು ಬಿಡಿಸುತ್ತದೆ. ಆಮೇಲೆ ಇಸ್ತ್ರಿ ಎಳೆದು ಕೂದಲನ್ನು ನೇರ ಮಾಡುತ್ತಾರೆ. ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್ ಹಾಕಿ ಕೊಂಡಿಗಳನ್ನು ಮತ್ತೆ ಕೂಡಿಸುತ್ತಾರೆ. ಎಲ್ಲವೂ ಮರಳಿ ಕೂಡುವುದಿಲ್ಲ. ಆದ್ದರಿಂದ ಒಮ್ಮೆ ನೇರವಾದ ಕೂದಲು ಉದುರುವವರೆಗೂ ನೇರ, ಮೊದಲಿನಷ್ಟು ಗಟ್ಟಿಯೂ ಅಲ್ಲ.

ಕೆರಟಿನ್ ಅಂತ ಕರೆಯುವುದು ಹೆಚ್ಚಾಗಿ ಹೊರಗಿನ ಲೇಪ, ಕೆಲವು ತಿಂಗಳಲ್ಲಿ ತೊಳೆದುಹೋಗುತ್ತದೆ. ಆದರೆ ಇಂಥ ಎಷ್ಟೋ ಉತ್ಪನ್ನಗಳಿಂದ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಬರುತ್ತದೆ. ಅದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಕಣ್ಣು ಉರಿದು ನೀರು ಸುರಿಯುವಷ್ಟು ಹೊಗೆ ಬಂದರೆ ಎದ್ದು ಬನ್ನಿ, ಸಂಕೋಚ ಬೇಡ. ಫಾರ್ಮಾಲ್ಡಿಹೈಡ್ ಇಲ್ಲ ಅಂತ ಮಾರುವ ಕೆಲವು ಕ್ರೀಮುಗಳಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತದೆ. ಅದನ್ನು ಹಚ್ಚಿಸಿಕೊಂಡವರಲ್ಲಿ ಕಿಡ್ನಿಗೆ ಪೆಟ್ಟಾದ ಪ್ರಕರಣಗಳನ್ನು ವೈದ್ಯರು ವರದಿ ಮಾಡಿದ್ದಾರೆ. 2024ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ ಒಬ್ಬಳೇ ಯುವತಿಗೆ ಮೂರು ಸಲ ಹೀಗಾಗಿತ್ತು, ಮೂರೂ ಸಲ ಸಲೂನಿಗೆ ಹೋಗಿ ಬಂದ ಮೇಲೆ.

ರಿಲ್ಯಾಕ್ಸರ್ ಅನ್ನುವ, ಕೂದಲು ನೇರ ಮಾಡುವ ಕ್ರೀಮು ಇನ್ನೂ ಬೇರೆ. ಅಮೆರಿಕದಲ್ಲಿ ಆಫ್ರಿಕನ್ ಮೂಲದ ಹೆಂಗಸರು ತಲೆಮಾರುಗಳಿಂದ ಬಳಸುತ್ತಾ ಬಂದಿದ್ದಾರೆ. ಅದರಲ್ಲಿ ಸೋಡಿಯಂ ಹೈಡ್ರಾಕ್ಸೈಡಿನಂಥ ತೀರಾ ಕ್ಷಾರದ ವಸ್ತು ಇರುತ್ತದೆ. ನೇರ ಮಾಡಿದ ಕೂದಲನ್ನು ಉಳಿಸಿಕೊಂಡು ಉದ್ದ ಬೆಳೆಸುವ ಬಗ್ಗೆ ಅವರಿಗಿರುವಷ್ಟು ಅನುಭವ ಬೇರೆ ಯಾರಿಗೂ ಇಲ್ಲ ಅನ್ನುವುದು ನನ್ನ ಅನಿಸಿಕೆ. ಹೊಸ ಬುಡಕ್ಕೆ ಮಾತ್ರ ಹಚ್ಚುವುದು, ಎರಡು ಸಲದ ನಡುವೆ ಅಂತರ ಎಳೆಯುವುದು, ರಾತ್ರಿ ಸ್ಯಾಟಿನ್ ಬಟ್ಟೆ ಕಟ್ಟಿ ಮಲಗುವುದು, ಇವನ್ನೆಲ್ಲ ನಾನು ಕಲಿತದ್ದು ಅವರು ಮಾಡುವುದನ್ನು ನೋಡಿ.

ಹೊರದೇಶಕ್ಕೆ ಹೋಗಿರುವ ನಮ್ಮವರಿಗೆ ಇಲ್ಲೊಂದು ಎಚ್ಚರಿಕೆ. ಇಲ್ಲಿ ಥಯೋಗ್ಲೈಕೋಲೇಟ್ ಹಾಕಿಸಿಕೊಂಡು ಹೋಗಿ ಅಲ್ಲಿ ಅದೇ ಕೂದಲಿಗೆ ರಿಲ್ಯಾಕ್ಸರ್ ಹಚ್ಚಿಸಬೇಡಿ. ಎರಡೂ ಒಂದಕ್ಕೊಂದು ಆಗಿಬರುವುದಿಲ್ಲ, ಕೂದಲು ಕೈಗೇ ಕಿತ್ತು ಬರುತ್ತದೆ. ಏನು ಮಾಡಿಸಿದಿರಿ, ಯಾವ ಕ್ರೀಮು, ಯಾವ ದಿನ ಅಂತ ಒಂದು ಡೈರಿಯಲ್ಲಿ ಬರೆದಿಡಿ. ಡಬ್ಬಿಯ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಕತ್ತರಿ ಹಾಕಲೇಬೇಕು

ಉದ್ದ ಬೇಕು ಅಂದವರಿಗೆ ಕತ್ತರಿಸಿ ಅಂದರೆ ಬೇಜಾರಾಗುತ್ತದೆ, ಗೊತ್ತು. ಆದರೆ ಸೀಳಿದ ತುದಿ ಮತ್ತೆ ಅಂಟುವುದಿಲ್ಲ. ಸೀರಮ್ಮು ಅದನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ ಅಷ್ಟೇ. ಬಿಟ್ಟರೆ ಸೀಳು ಮೇಲಕ್ಕೆ ಏರುತ್ತಾ ಹೋಗುತ್ತದೆ. ಜಡೆ ಹೆಣೆದು ತುದಿಯನ್ನು ನೋಡಿ. ಕೊನೆಯ ಮೂರು ಇಂಚು ಇಲಿಬಾಲದಂತೆ ಸಣ್ಣಗಾಗಿದ್ದರೆ ಅಷ್ಟನ್ನೂ ಒಮ್ಮೆ ತೆಗೆಸಿಬಿಡಿ. ಆಮೇಲೆ ಮೂರು ತಿಂಗಳಿಗೊಮ್ಮೆ ಕಾಲು ಇಂಚು ಸಾಕು. ಆರಿಂಚು ಬೆಳೆದು ಒಂದು ಇಂಚು ಕತ್ತರಿಗೆ ಹೋದರೂ ವರ್ಷಕ್ಕೆ ಐದಿಂಚು ಉಳಿಯುತ್ತದೆ. ಪಾರ್ಲರಿನಲ್ಲಿ ಎಷ್ಟು ಅಂತ ಬಾಯಲ್ಲಿ ಹೇಳಬೇಡಿ, ಬೆರಳಿಟ್ಟು ತೋರಿಸಿ.

ತಲೆಸ್ನಾನದ ದಿನ

ಕೂದಲು ಜಾಸ್ತಿ ಮುರಿಯುವುದು ಈ ಒಂದು ದಿನ. ಒದ್ದೆ ಕೂದಲು ನೀರು ಕುಡಿದು ಉಬ್ಬುತ್ತದೆ, ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ನೇರ ಮಾಡಿಸಿದ್ದು ಇನ್ನೂ ಬೇಗ. ವಾರಕ್ಕೆ ಎರಡು ಸಲ ತೊಳೆದರೆ ಹೆಚ್ಚಿನವರಿಗೆ ಸಾಕು. ಬೆವರು ಜಾಸ್ತಿ ಇರುವ ಕರಾವಳಿಯವರಿಗೆ ಮೂರು ಸಲ ಬೇಕಾಗಬಹುದು.

ಶುರು ಎಣ್ಣೆಯಿಂದ. ತೊಳೆಯುವ ಒಂದೆರಡು ಗಂಟೆ ಮೊದಲು ತೆಂಗಿನೆಣ್ಣೆ ಹಚ್ಚಿ. ನೆತ್ತಿಗಿಂತ ಕೆಳಗಿನ ಉದ್ದಕ್ಕೆ, ಅದರಲ್ಲೂ ತುದಿಗೆ. ತೆಂಗಿನೆಣ್ಣೆಯಲ್ಲಿ ಲಾರಿಕ್ ಆಮ್ಲ ಇದೆ, ಅದರ ಕಣ ಸಣ್ಣದು, ಕೂದಲಿನ ಒಳಗೆ ಇಳಿಯುತ್ತದೆ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ ಒಂದು ಅಧ್ಯಯನ 2003ರಲ್ಲಿ ಬಂತು. ತೊಳೆಯುವಾಗ ಕೂದಲಿನ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ, ಅದೂ ಹಾಳಾದ ಕೂದಲಿನಲ್ಲೂ. ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಕಂಪನಿಯವರೇ ಅನ್ನುವುದನ್ನೂ ಹೇಳಬೇಕು. ಆದರೂ ನನ್ನ ಅನುಭವ ಅದಕ್ಕೆ ಹೊಂದುತ್ತದೆ. ಹರಳೆಣ್ಣೆ ತುಂಬ ಅಂಟು, ತೊಳೆಯಲು ಎರಡೆರಡು ಸಲ ಶಾಂಪೂ ಬೇಕು, ನೇರ ಮಾಡಿಸಿದ ಕೂದಲಿಗೆ ನಾನು ಹಚ್ಚಲ್ಲ. ತಲೆಯಲ್ಲಿ ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚಿ ರಾತ್ರಿಯೆಲ್ಲ ಬಿಡಬೇಡಿ, ಹೊಟ್ಟು ಜಾಸ್ತಿಯಾಗುತ್ತದೆ.

ಎಣ್ಣೆ ಹಚ್ಚಿದ ಮೇಲೆ, ನೀರು ಮುಟ್ಟುವ ಮೊದಲೇ ಸಿಕ್ಕು ಬಿಡಿಸಿಕೊಳ್ಳಿ. ಸಿಕ್ಕು ಇದ್ದ ಹಾಗೇ ನೀರು ಸುರಿದರೆ ಅದು ಗಂಟಾಗುತ್ತದೆ.

ಹಂಡೆಯ ಸುಡುಸುಡು ನೀರಿನ ಅಭ್ಯಂಜನ ಮೈಗೆ ಸುಖ, ಈ ಕೂದಲಿಗೆ ಆಗದು. ಉಗುರುಬೆಚ್ಚಗಿನ ನೀರು ಸಾಕು. ಶಾಂಪೂವನ್ನು ಚೊಂಬಿನಲ್ಲಿ ನೀರಿಗೆ ಕಲಸಿ ನೆತ್ತಿಗೆ ಮಾತ್ರ ಹಾಕಿ, ಬೆರಳ ತುದಿಯಿಂದ ಉಜ್ಜಿ. ಕೂದಲನ್ನೆಲ್ಲ ತಲೆಯ ಮೇಲೆ ಗುಡ್ಡೆ ಹಾಕಿ ಬಟ್ಟೆ ಒಗೆದ ಹಾಗೆ ತಿಕ್ಕಬೇಡಿ. ನೊರೆ ಕೆಳಗಿಳಿಯುವಾಗಲೇ ಉದ್ದದ ಕೂದಲು ಶುದ್ಧವಾಗುತ್ತದೆ. ಮೈಸೋಪು ತಲೆಗೆ ಬೇಡವೇ ಬೇಡ, ಅದು ಕ್ಷಾರ, ಕೂದಲಿನ ಹೊರ ಪದರವನ್ನು ಎಬ್ಬಿಸುತ್ತದೆ. ಸೀಗೆಕಾಯಿ ಬಿಡಲು ಮನಸ್ಸಿಲ್ಲದವರು ಪುಡಿ ಹಾಕದೆ ಕಾಯಿಯನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ, ಆ ನೀರು ಬಳಸಿ. ಪುಡಿಯ ತರಿ ಕೂದಲಿನ ನಡುವೆ ಸಿಕ್ಕಿಕೊಂಡರೆ ಬಾಚುವಾಗ ಗರಗಸದಂತೆ ಉಜ್ಜುತ್ತದೆ.

ಕಂಡೀಷನರ್ ಪ್ರತಿ ಸಲ ಬೇಕು, ತಪ್ಪಿಸಬೇಡಿ. ನೆತ್ತಿ ಬಿಟ್ಟು ಕಿವಿಯಿಂದ ಕೆಳಗೆ ಧಾರಾಳವಾಗಿ ಹಚ್ಚಿ ಮೂರರಿಂದ ಐದು ನಿಮಿಷ ಬಿಡಿ. ಅದು ಕೂದಲ ಮೇಲಿರುವಾಗಲೇ ಅಗಲ ಹಲ್ಲಿನ ಬಾಚಣಿಗೆ ಆಡಿಸಬಹುದು. ತೊಳೆದ ಮೇಲೆ ಟವೆಲಿನಿಂದ ಪಟಪಟ ಹೊಡೆಯುವ ಅಭ್ಯಾಸ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ, ಅಲ್ವಾ? ಅದನ್ನು ಬಿಡಿ. ಹಳೇ ಕಾಟನ್ ಪಂಚೆಯಲ್ಲೋ ಟೀ ಶರ್ಟಿನಲ್ಲೋ ಸುತ್ತಿ, ಒತ್ತಿ ನೀರು ತೆಗೆಯಿರಿ. ಚೂರು ಒದ್ದೆ ಇರುವಾಗ ತುದಿಗೆ ಎರಡು ಹನಿ ಸೀರಮ್ ಅಥವಾ ಒಂದು ಹನಿ ಎಣ್ಣೆ ಹಚ್ಚಿ.

ನೀರಿನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಿಮ್ಮ ಬಚ್ಚಲಿನ ನಲ್ಲಿಯ ತುದಿಯಲ್ಲಿ ಬಿಳಿ ಪದರ ಕಟ್ಟಿದೆಯಾ? ಹಾಗಿದ್ದರೆ ನೀರು ಗಡಸು. ಸುಣ್ಣದ ಅಂಶ ಕೂದಲ ಮೇಲೂ ಹಾಗೇ ಕೂರುತ್ತದೆ, ಎಷ್ಟು ಕಂಡೀಷನರ್ ಹಾಕಿದರೂ ಒರಟು ಹೋಗಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಪರದಾಟವಾದಾಗ ನಮ್ಮ ಬೀದಿಗೂ ಟ್ಯಾಂಕರ್ ನೀರೇ ಬಂತು. ಎರಡು ತಿಂಗಳಲ್ಲಿ ನನ್ನ ಕೂದಲು ತೆಂಗಿನ ನಾರಿನಂತಾಯಿತು. ಆಗ ಮಾಡಿದ್ದು ಇಷ್ಟು. ತಿಂಗಳಿಗೊಮ್ಮೆ, ಸುಣ್ಣದ ಅಂಶವನ್ನು ಹಿಡಿದು ತೆಗೆಯುವ ಇಡಿಟಿಎ (EDTA) ಇರುವ ಶಾಂಪೂ ಹಾಕಿದೆ, ಬಾಟಲಿಯ ಹಿಂದಿನ ಪಟ್ಟಿಯಲ್ಲಿ ಆ ಹೆಸರು ಇರುತ್ತದೆ. ಪ್ರತಿ ಸಲ ಕೊನೆಯ ಎರಡು ಚೊಂಬು ಮಾತ್ರ ಕುಡಿಯುವ ಫಿಲ್ಟರ್ ನೀರಿನಲ್ಲಿ ಸುರಿದುಕೊಂಡೆ. ನೀರಿನ ಅಭಾವದಲ್ಲಿ ಅಷ್ಟೇ ಸಾಧ್ಯ ಇತ್ತು, ಅಷ್ಟೇ ಸಾಕಾಯಿತು.

ಪ್ರೋಟೀನಾ, ತೇವವಾ?

ಒಂದು ಒದ್ದೆ ಎಳೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ಮತ್ತೆ ತನ್ನ ಉದ್ದಕ್ಕೆ ಬಂದರೆ ಸರಿಯಾಗಿದೆ. ಚೂಯಿಂಗ್ ಗಮ್ಮಿನಂತೆ ಎಳೆದಷ್ಟೂ ಬಂದು ವಾಪಸ್ ಹೋಗದಿದ್ದರೆ ಪ್ರೋಟೀನ್ ಬೇಕು. ಹಿಗ್ಗದೆ ಟಕ್ಕನೆ ತುಂಡಾದರೆ ತೇವ ಬೇಕು. ಪ್ರೋಟೀನಿಗೆ, ಹೈಡ್ರೊಲೈಸ್ಡ್ (ಅಂದರೆ ಸಣ್ಣ ಕಣಗಳಾಗಿ ಒಡೆದ) ಕೆರಟಿನ್ ಅಥವಾ ಹೈಡ್ರೊಲೈಸ್ಡ್ ಗೋಧಿ ಪ್ರೋಟೀನ್ ಇರುವ ಮಾಸ್ಕನ್ನು ತಿಂಗಳಿಗೊಮ್ಮೆ ಹಾಕಿ. ಜಾಸ್ತಿ ಹಾಕಿದರೆ ಕೂದಲು ಕಡ್ಡಿಯಂತಾಗುತ್ತದೆ.

ಮೊಟ್ಟೆ ಹಚ್ಚಿದರೆ ಆಗಲ್ವಾ ಅಂತ ತುಂಬ ಜನ ಕೇಳುತ್ತಾರೆ. ಮೊಟ್ಟೆಯ ಪ್ರೋಟೀನಿನ ಕಣ ತುಂಬ ದೊಡ್ಡದು, ಕೂದಲೊಳಗೆ ಹೋಗುವುದಿಲ್ಲ. ಮೊಟ್ಟೆ ತಿನ್ನಿ, ಅದು ಬುಡಕ್ಕೆ ಮುಟ್ಟುತ್ತದೆ. ಮನೆಯದೇ ಏನಾದರೂ ಬೇಕು ಅಂದರೆ ದಾಸವಾಳದ ಎಲೆ ಇದೆ. ಒಂದು ಹಿಡಿ ಎಲೆಯನ್ನು ನೀರಿನಲ್ಲಿ ಚೆನ್ನಾಗಿ ಕಿವುಚಿದರೆ ಲೋಳೆ ಬಿಡುತ್ತದೆ. ಅದನ್ನು ಸೋಸಿ ಕಂಡೀಷನರಿನ ಮೊದಲು ಹತ್ತು ನಿಮಿಷ ಹಚ್ಚಿಕೊಂಡರೆ ಕೂದಲು ಜಾರುತ್ತದೆ, ಸಿಕ್ಕು ಸಲೀಸಾಗಿ ಬಿಡುತ್ತದೆ. ನೆನೆಸಿ ರುಬ್ಬಿದ ಮೆಂತ್ಯವೂ ಆಗುತ್ತದೆ, ಆದರೆ ಬಟ್ಟೆಯಲ್ಲಿ ಹಿಂಡಿ ರಸ ಮಾತ್ರ. ನಿಂಬೆರಸ, ಅಡುಗೆ ಸೋಡಾ ಎರಡೂ ಬೇಡ.

ಹೊಸ ಬುಡ, ಹಳೇ ಕೂದಲು ಸೇರುವ ಜಾಗ

ಮಾಡಿಸಿ ನಾಲ್ಕೈದು ತಿಂಗಳಾದ ಮೇಲೆ ಎರಡು ಇಂಚಿನಷ್ಟು ಗುಂಗುರು ಬಂದಿರುತ್ತದೆ. ಅದರ ಕೆಳಗೆ ನೇರ ಕೂದಲು. ಒಂದೇ ಎಳೆಯಲ್ಲಿ ಎರಡು ಗುಣ. ಎಳೆದಾಗ ಗುಂಗುರು ಒಂದು ರೀತಿ ಹಿಗ್ಗುತ್ತದೆ, ನೇರ ಕೂದಲು ಇನ್ನೊಂದು ರೀತಿ, ನಡುವಿನ ಜಾಗ ಪೆಟ್ಟು ತಿನ್ನುತ್ತದೆ. ಚುಕ್ಕೆ ಇಲ್ಲದ ಉದ್ದ ಎಳೆಗಳು ಬರುವುದು ಇಲ್ಲಿಂದಲೇ. ನೀವು ಈ ಲೇಖನದಲ್ಲಿ ಒಂದೇ ಒಂದು ಭಾಗ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ ಅಂತ ನನ್ನ ಕೇಳಿಕೆ.

ಕೂದಲನ್ನು ನಾಲ್ಕು ಭಾಗ ಮಾಡಿ ಮೂರಕ್ಕೆ ಕ್ಲಿಪ್ಪು ಹಾಕಿ. ನಾಲ್ಕನೆಯದರಲ್ಲಿ ಒಂದು ಹೆಬ್ಬೆರಳಿನಷ್ಟು ದಪ್ಪದ ಕೂದಲು ತೆಗೆದುಕೊಳ್ಳಿ. ಎಡಗೈಯ ಮುಷ್ಟಿಯಲ್ಲಿ ಆ ಸೇರುವ ಜಾಗದ ಕೆಳಗೆ ಬಿಗಿಯಾಗಿ ಹಿಡಿಯಿರಿ. ಈಗ ಬಾಚುವ ಎಳೆತ ಮುಷ್ಟಿಯಲ್ಲೇ ನಿಲ್ಲುತ್ತದೆ, ಮೇಲಕ್ಕೆ ಹೋಗಲ್ಲ. ತುದಿಯಿಂದ ಎರಡು ಇಂಚು ಮೇಲೆ ಬಾಚಣಿಗೆ ಇಟ್ಟು ಕೆಳಗೆ ಎಳೆಯಿರಿ. ಅದು ಬಿಟ್ಟ ಮೇಲೆ ಇನ್ನೆರಡು ಇಂಚು ಮೇಲೆ. ಹೀಗೇ ಏರುತ್ತಾ ಮುಷ್ಟಿಯವರೆಗೆ ಬನ್ನಿ. ಕೊನೆಯಲ್ಲಿ ಮುಷ್ಟಿ ಬಿಡಿಸಿ, ಸೇರುವ ಜಾಗವನ್ನು ಬಾಚಣಿಗೆ ಇಲ್ಲದೆ ಬೆರಳಲ್ಲೇ ಬಿಡಿಸಿ. ಸಾಗರದಲ್ಲಿದ್ದ ನನ್ನ ಅಜ್ಜಿ ನನ್ನ ಗುಂಗುರು ಕೂದಲು ಬಾಚುವಾಗ ಇದನ್ನೇ ಹೇಳುತ್ತಿದ್ದರು. "ಬುಡದಿಂದ ಎಳೀಬೇಡ ಕೂಸೇ, ತುದಿಯಿಂದ ಬಿಡಿಸ್ತಾ ಬಾ." ನಾನು ಅದನ್ನು ಮತ್ತೆ ನೆನಪು ಮಾಡಿಕೊಂಡದ್ದು ಅರ್ಧ ಕೂದಲು ಹೋದ ಮೇಲೆ.

ಗಂಟು ಬಿದ್ದಿದ್ದರೆ ಕಿತ್ತು ತೆಗೆಯಬೇಡಿ. ಒಂದು ಹನಿ ಎಣ್ಣೆ ಹಾಕಿ, ಪಿನ್ನಿನ ಮೊಂಡು ತುದಿಯಿಂದ ಗಂಟಿನೊಳಗಿನ ಎಳೆಗಳನ್ನು ಒಂದೊಂದಾಗಿ ಬದಿಗೆ ಸರಿಸಿ. ಎರಡು ನಿಮಿಷದ ಕೆಲಸ. ಆ ಗಂಟಿನಲ್ಲಿ ಇಪ್ಪತ್ತು ಎಳೆ ಇರಬಹುದು, ಒಂದೊಂದೂ ಮೂರು ವರ್ಷ ಬೆಳೆದು ಬಂದದ್ದು.

ಈ ದಿನಗಳಲ್ಲಿ ಬಿಗಿಯಾದ ಪೋನಿಟೇಲ್ ಬೇಡ. ಪ್ರತಿ ದಿನ ಒಂದೇ ಜಾಗಕ್ಕೆ ರಬ್ಬರ್ ಬ್ಯಾಂಡ್ ಬಿದ್ದರೆ ಅಲ್ಲೇ ಕತ್ತರಿಸಿದ ಹಾಗೆ ಮುರಿಯುತ್ತದೆ. ಸಡಿಲವಾದ ಜಡೆ, ಇಲ್ಲವೇ ದೊಡ್ಡ ಕ್ಲಿಪ್ಪು ಹಾಕಿದ ತುರುಬು ಒಳ್ಳೆಯದು, ತುದಿಗಳು ಒಳಗೆ ಭದ್ರವಾಗಿರುತ್ತವೆ. ಬೈತಲೆಯನ್ನೂ ಆಗಾಗ ಬದಲಾಯಿಸಿ. ಹಣೆಯ ಅಂಚಿನ ಕೂದಲು ಹಿಂದೆ ಸರಿಯುತ್ತಿದ್ದರೆ ಅದು ಎಳೆತದಿಂದ ಆದದ್ದಿರಬಹುದು. ಬಿಗಿಯಾಗಿ ಕಟ್ಟುವುದನ್ನು ಬೇಗ ಬಿಟ್ಟರೆ ಮತ್ತೆ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಬರುವುದಿಲ್ಲ.

ರಾತ್ರಿ, ಹೆಲ್ಮೆಟ್, ಹೂವು

ಕಾಟನ್ ದಿಂಬು ರಾತ್ರಿಯೆಲ್ಲ ಕೂದಲನ್ನು ಉಜ್ಜುತ್ತದೆ. ಹಳೇ ರೇಷ್ಮೆ ಸೀರೆಯ ಒಡಲಿನ ಬಟ್ಟೆಯಲ್ಲಿ ದಿಂಬಿನ ಕವರ್ ಹೊಲಿಸಿ, ಜರಿ ಇರುವ ಅಂಚು, ಸೆರಗು ಬೇಡ. ಅಮ್ಮನ ಒಂದು ಸೀರೆಯಲ್ಲಿ ನನಗೆ ನಾಲ್ಕು ಕವರ್ ಆಯಿತು. ಸಡಿಲ ಜಡೆ ಹಾಕಿ ಮಲಗಿ.

ಸ್ಕೂಟರ್ ಓಡಿಸುವವರು ಹೆಲ್ಮೆಟ್ಟಿನ ಒಳಗೆ ತೆಳು ಸ್ಯಾಟಿನ್ ಸ್ಕಾರ್ಫ್ ಕಟ್ಟಿಕೊಳ್ಳಿ, ಜಡೆಯನ್ನು ಜಾಕೆಟ್ಟಿನ ಒಳಗೆ ಹಾಕಿ. ಗಾಳಿಗೆ ಬಿಟ್ಟ ಕೂದಲು ಅರ್ಧ ಗಂಟೆಯಲ್ಲಿ ಸಿಕ್ಕಾಗುತ್ತದೆ. ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೇ ಗಂಟು ಕಟ್ಟಿ ಮಲ್ಲಿಗೆ ಮುಡಿದು ದೇವಸ್ಥಾನಕ್ಕೆ ಹೋಗುವ ರೂಢಿ ನಮ್ಮ ಮನೆಯಲ್ಲೂ ಇದೆ. ಮುಕ್ಕಾಲು ಪಾಲು ಒಣಗಲು ಬಿಡಿ, ಆಮೇಲೆ ಹೂ ಮುಡಿಯಿರಿ. ಹೂವಿನ ಪಿನ್ನು ತೆಗೆಯುವಾಗ ಪಿನ್ನಿನ ಬಾಯಿ ಅಗಲಿಸಿ ತೆಗೆಯಿರಿ.

ಬಿಸಿ

ಕೂದಲು ಈಗಾಗಲೇ ನೇರ ಇದೆ. ಮತ್ತೆ ಇಸ್ತ್ರಿ ಏಕೆ? ಬುಡ ಗುಂಗುರಾದಾಗ ಮದುವೆ ಮುಂಜಿಗೆ ಬೇಕೇ ಬೇಕು ಅಂದರೆ ಬುಡದ ಭಾಗಕ್ಕೆ ಮಾತ್ರ, ಬಿಸಿಯಿಂದ ಕಾಪಾಡುವ ಹೀಟ್ ಪ್ರೊಟೆಕ್ಟೆಂಟ್ ಹಚ್ಚಿ, 180 ಡಿಗ್ರಿ ಸೆಲ್ಸಿಯಸ್ ದಾಟದಂತೆ, ಒಂದೇ ಸಲ ಎಳೆಯಿರಿ. ಒದ್ದೆ ಕೂದಲಿಗೆ ಇಸ್ತ್ರಿ ಇಟ್ಟಾಗ ಚರ್ ಅಂತ ಸದ್ದು ಬರುತ್ತದೆ ನೋಡಿ, ಅದು ಕೂದಲೊಳಗಿನ ನೀರು ಕುದಿಯುವ ಸದ್ದು. ಒಳಗೆ ಗುಳ್ಳೆಗಳೆದ್ದು ಅಲ್ಲೇ ತುಂಡಾಗುತ್ತದೆ. ಡ್ರೈಯರ್ ಬೇಕಾದರೆ ತಣ್ಣನೆ ಗಾಳಿ ಇಟ್ಟುಕೊಳ್ಳಿ.

ಮತ್ತೆ ಮಾಡಿಸುವುದಾದರೆ

ಮಾಡಿಸಲೇಬೇಕು ಅಂತಿಲ್ಲ. ಗುಂಗುರನ್ನೇ ಬೆಳೆಯಲು ಬಿಟ್ಟು ಕೆಳಗಿನ ನೇರ ಕೂದಲನ್ನು ಸ್ವಲ್ಪಸ್ವಲ್ಪವೇ ಕತ್ತರಿಸುತ್ತಾ ಹೋಗಬಹುದು, ಅದೂ ಒಳ್ಳೆಯ ದಾರಿ. ನಾನು ವರ್ಷಕ್ಕೊಂದೇ ಸಲ ಬುಡಕ್ಕೆ ಮಾತ್ರ ಮಾಡಿಸುತ್ತೇನೆ. ಆರು ತಿಂಗಳೊಳಗೆ ಯಾವ ಕಾರಣಕ್ಕೂ ಬೇಡ. ಅಷ್ಟರಲ್ಲಿ ಬರುವುದು ಮೂರೇ ಇಂಚು, ಅದಕ್ಕಿಂತ ಕಡಿಮೆ ಇದ್ದರೆ ಕ್ರೀಮು ಹಳೇ ಕೂದಲಿಗೆ ತಾಗದಂತೆ ಹಚ್ಚುವುದು ಕಷ್ಟ.

ಕುರ್ಚಿಯಲ್ಲಿ ಕೂರುವ ಮೊದಲು ಗಟ್ಟಿಯಾಗಿ ಹೇಳಿ: "ಹಳೇ ಕೂದಲಿಗೆ ಕ್ರೀಮ್ ಬೇಡ, ಮೊದಲು ಅದಕ್ಕೆ ಕಂಡೀಷನರ್ ಹಚ್ಚಿ ಮುಚ್ಚಿ." ಕಿವಿಯ ಹಿಂದಿನ ಒಂದು ಎಳೆಗೆ ಮೊದಲು ಪರೀಕ್ಷೆ ಮಾಡಿ ನೋಡಲು ಕೇಳಿ. ನೆತ್ತಿಯಲ್ಲಿ ಗಾಯ, ಕೆರೆತ ಇದ್ದರೆ ಮುಂದಕ್ಕೆ ಹಾಕಿ. ಮೆಹಂದಿ ಹಚ್ಚುತ್ತಿದ್ದರೆ ಮುಚ್ಚಿಡಬೇಡಿ. ಶುದ್ಧ ಮೆಹಂದಿ ಬೇರೆ. ಕಪ್ಪು ಬಣ್ಣ ಬರಲಿ ಅಂತ ಲೋಹದ ಲವಣ ಬೆರೆಸಿದ ಪುಡಿಗಳೂ ಮಾರಾಟಕ್ಕಿವೆ. ಅವು ಪೆರಾಕ್ಸೈಡ್ ತಾಗಿದರೆ ಬಿಸಿಯಾಗಿ ಕೂದಲನ್ನು ಸುಡುತ್ತವೆ. ಬಸುರಿಯರು, ಹಾಲೂಡಿಸುವವರು ಸದ್ಯಕ್ಕೆ ಬಿಟ್ಟುಬಿಡುವುದೇ ಮೇಲು.

ಅಮೆರಿಕದಲ್ಲಿ 33,497 ಹೆಂಗಸರನ್ನು ಹಲವು ವರ್ಷ ಗಮನಿಸಿದ ಒಂದು ಅಧ್ಯಯನ 2022ರಲ್ಲಿ ಬಂತು. ಕೂದಲು ನೇರ ಮಾಡುವ ಉತ್ಪನ್ನಗಳನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಿಗೆ 70ರ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ. 4.05, ಬಳಸದವರಿಗೆ ಶೇ. 1.64 ಅಂತ ಅದರ ಅಂದಾಜು. ಇದೇ ಕಾರಣ ಅಂತ ಸಾಬೀತಾಗಿಲ್ಲ, ನಂಟು ಕಂಡಿದೆ. ನಾನು ವರ್ಷಕ್ಕೊಂದೇ ಸಲ ಅಂತ ಗೆರೆ ಹಾಕಿಕೊಂಡದ್ದು ಇದನ್ನು ಓದಿದ ಮೇಲೆ. ನಿಮ್ಮ ಗೆರೆ ನೀವೇ ಹಾಕಿಕೊಳ್ಳಿ, ಆದರೆ ಗೊತ್ತಿದ್ದು ಹಾಕಿಕೊಳ್ಳಿ.

ಚುಕ್ಕೆ ಇರುವ ಕೂದಲು ಕೈತುಂಬ ಬಂದರೆ

ಜೋರು ಜ್ವರ, ಡೆಂಗಿ, ಟೈಫಾಯಿಡ್, ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸಿದ್ದು, ಇವುಗಳಾದ ಎರಡು ಮೂರು ತಿಂಗಳಿಗೆ ಬುಡದಿಂದಲೇ ಕೂದಲು ಉದುರುತ್ತದೆ. ಬಾಣಂತಿಯರು ಇದನ್ನು ನೋಡಿ ಅಳುವುದನ್ನು ಕಂಡಿದ್ದೇನೆ. ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ, ಅಥವಾ ತಲೆಯಲ್ಲಿ ನಾಣ್ಯದಷ್ಟು ಜಾಗ ಬೋಳಾದರೆ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು), ಥೈರಾಯ್ಡ್ ನೋಡಿಸಬೇಕಾ ಅಂತ ಕೇಳಿ. ಮುಟ್ಟಿನ ಸ್ರಾವ ಜಾಸ್ತಿ ಇರುವವರಲ್ಲಿ ಕಬ್ಬಿಣದ ಕೊರತೆ ಬಹಳ ಸಾಮಾನ್ಯ. ಬಯೋಟಿನ್ ಮಾತ್ರೆಯನ್ನು ಸುಮ್ನೆ ನುಂಗಬೇಡಿ. ಕೊರತೆ ಇಲ್ಲದವರಿಗೆ ಅದರಿಂದ ಉಪಯೋಗ ಆಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವನ್ನೂ ಅದು ಏರುಪೇರು ಮಾಡಬಹುದು. ಊಟಕ್ಕೆ ಕಾಳು, ಸೊಪ್ಪು, ರಾಗಿ, ಮೊಟ್ಟೆ, ಮೀನು ಇರಲಿ.

ಅಳತೆ

ತಿಂಗಳ ಮೊದಲ ಭಾನುವಾರ ಟೇಪ್ ಹಿಡಿಯಿರಿ. ಕೂದಲು ಒಣಗಿರಬೇಕು, ಎಣ್ಣೆ ಇರಬಾರದು. ಕಿವಿಯ ಹಿಂದೆ, ತಲೆಯ ಮೇಲೆ, ಕತ್ತಿನ ಹತ್ತಿರ ಮೂರು ಕಡೆ ಅಳೆದು ಡೈರಿಯಲ್ಲಿ ಬರೆಯಿರಿ, ಪ್ರತಿ ಸಲ ಅದೇ ಜಾಗ. ಒಂದು ತಿಂಗಳ ಅಳತೆ ನೋಡಿ ಏನೂ ನಿರ್ಧಾರ ಮಾಡಬೇಡಿ, ಅರ್ಧ ಇಂಚು ಟೇಪ್ ಹಿಡಿಯುವ ಕೈಯಲ್ಲೇ ಹೆಚ್ಚುಕಡಿಮೆ ಆಗುತ್ತದೆ. ಮೂರು ತಿಂಗಳಿಗೆ ಒಂದು ಇಂಚಾದರೂ ಕಂಡರೆ ಮಾಡುತ್ತಿರುವುದನ್ನೇ ಮುಂದುವರಿಸಿ, ಹೊಸದೇನೂ ಸೇರಿಸಬೇಡಿ. ಕತ್ತರಿ ಹಾಕಿಸದೆಯೂ ಮೂರು ತಿಂಗಳು ಅಳತೆ ಮುಂದೆ ಹೋಗಿಲ್ಲ ಅಂದರೆ, ಮುಂದಿನ ತಲೆಸ್ನಾನದ ದಿನ ಮತ್ತೆ ಆ ಬಿಳಿ ಪಂಚೆ ಹಾಸಿ, ಎಳೆಗಳನ್ನು ಬೆಳಕಿಗೆ ಹಿಡಿದು ನೋಡಿ.